ಎದ್ದವನ ಕೆರೆ

ಕೊಳ್ಳೇಗಾಲದಿಂದ ಬೆಟ್ಟದ ಸಾಲಿನ ಕಡೆ ಹೋಗುವ ದಾರಿಯಲ್ಲಿ ಮೇಲುಮಾಳ ಎಂಬ ಊರಿದೆ. ಊರ ಮುಂದೆ ಅಗಲವಾದ ಕೆರೆ, ಏರಿಯ ತುದಿಯಲ್ಲಿ ಸಂತ ಅಂತೋಣಿಯವರ ಪುಟ್ಟ ದೇವಾಲಯ. ನೀರಾವರಿಯವರು ನೆಟ್ಟ ಹಲಗೆಯ ಮೇಲೆ ‘ಮೇಲುಮಾಳ ದೊಡ್ಡಕೆರೆ’ ಎಂದು ಬರೆದಿದೆ. ಆ ಹೆಸರು ಹಿಡಿದು ಕೇಳಿದರೆ ದಾರಿ ತೋರಿಸುವವರು ಸಿಗುವುದಿಲ್ಲ. ಸುತ್ತಲಿನವರ ಬಾಯಲ್ಲಿ ಅದು ಎದ್ದವನ ಕೆರೆ. ಹೊಸಬರು ಇಲ್ಲಿ ಯಾರೋ ಪುಣ್ಯಾತ್ಮ ಸತ್ತು ಎದ್ದಿರಬೇಕು ಎಂದುಕೊಂಡು ಕೈ ಮುಗಿಯುತ್ತಾರೆ. ಮೇಲುಮಾಳದವರು ಅದನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ನಿಜವಾದ ಕಥೆ ಹೇಳಿದರೆ ತಮ್ಮ ಅಜ್ಜಂದಿರ ಮಾನ ಹೋಗುತ್ತದೆ. ಕೆರೆಯ ಕೆಳಗಿನ ಊರಾದ ಕೆಳಮಾಳದವರನ್ನು ಕೇಳಿ ನೋಡಿ, ಊಟ ಬಿಟ್ಟು ಹೇಳುತ್ತಾರೆ.

ಹಿಂದೆ, ಊರಿಗೆ ಕಾಯಂ ಗುರುಗಳಿಲ್ಲದ ಕಾಲದಲ್ಲಿ, ಉಪವಾಸದ ತಪಸ್ಸುಕಾಲ ಹತ್ತಿರವಾದಾಗ ದೂರದಿಂದ ಸ್ವಾಮಿಯವರೊಬ್ಬರು ಕುದುರೆಯ ಮೇಲೆ ಬರುತ್ತಿದ್ದರು. ಅದರ ಕೊನೆಗೆ ಬರುವ ಪಾಸ್ಕ ಹಬ್ಬ ಮುಗಿಸಿ ಹೊರಟುಬಿಡುತ್ತಿದ್ದರು. ಮತ್ತೆ ಅವರ ಮುಖ ಕಾಣುವುದು ಮುಂದಿನ ವರ್ಷವೇ. ಅಲ್ಲಿಯವರೆಗೆ ಊರು ನಡೆಸುತ್ತಿದ್ದವನು ಯಜಮಾನ ಇನ್ನಾಸಪ್ಪ. ಜಪ ಹೇಳಿಸುವವನೂ ಅವನೇ, ಜಗಳ ಬಿಡಿಸುವವನೂ ಅವನೇ. ಕೆರೆಯ ನೀರುಗಂಟಿ ಚೌರಪ್ಪ; ತೂಬು ಎತ್ತಿ ಇಳಿಸಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಅವನ ಪಾಲಿನ ಕೆಲಸ. ಕೆರೆಗೆ ಎರಡು ತೂಬು. ಒಂದರ ನೀರು ಮೇಲುಮಾಳಕ್ಕೆ, ಇನ್ನೊಂದರದು ಕೆಳಮಾಳಕ್ಕೆ. ಕೆಳಮಾಳದವರು ಬೇರೆ ದೇವರ ಒಕ್ಕಲು, ಆದರೆ ಕೆರೆ ಕಟ್ಟುವಾಗ ಅವರ ಹಿರಿಯರೂ ಮಣ್ಣು ಹೊತ್ತಿದ್ದರಿಂದ ನೀರಿನಲ್ಲಿ ಅರ್ಧ ಅವರದು. ಈ ಚೌರಪ್ಪನಿಗೆ ಇನ್ನಾಸಪ್ಪ ಜ್ಞಾನತಂದೆ. ಹಸುಗೂಸಾಗಿದ್ದ ಅವನನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡು ಹೋಗಿ, ಮಾತು ಬಾರದ ಅವನ ಪರವಾಗಿ ‘ವಿಶ್ವಾಸಿಸುತ್ತೇನೆ’ ಎಂದು ಸ್ವಾಮಿಯವರಿಗೆ ಉತ್ತರ ಕೊಟ್ಟಿದ್ದವನು ಇನ್ನಾಸಪ್ಪ. ಹೆತ್ತ ತಂದೆ ಬೇಗ ತೀರಿಕೊಂಡ ಮೇಲಂತೂ ಚೌರಪ್ಪನಿಗೆ ಅಪ್ಪ ಎಂದರೆ ಅವನೇ. ಅವನು ಹಾಕಿದ ಗೆರೆ ದಾಟಿದ್ದೇ ಇಲ್ಲ ಎನ್ನುತ್ತಾರೆ.

ಆ ಊರಿನಲ್ಲಿ ಆಗ ಒಂದು ಪದ್ಧತಿಯಿತ್ತು. ಮನಸ್ಸಿನೊಳಗಿನ ಪಾಪವನ್ನು ಸ್ವಾಮಿಯವರ ಕಿವಿಯಲ್ಲಿ ಹೇಳಿದರೆ ಸಾಕು. ನಾಲ್ಕು ಜನರಿಗೆ ನೋವಾಗುವಂಥ ತಪ್ಪನ್ನು ಮಾತ್ರ ಸಭೆಯ ನಡುವೆ ಎದ್ದು ನಿಂತು ಒಪ್ಪಿಕೊಳ್ಳಬೇಕು. ತಪ್ಪನ್ನು ಕೈಯಾರೆ ಮಾಡಿದವನು ಮೊದಲು ಏಳಬೇಕು, ಮಾಡಿಸಿದವರು ಅವನ ಹಿಂದೆ ಏಳಬೇಕು. ಎದ್ದವನು ಹಿಂತಿರುಗಿ ನೋಡುವಂತಿಲ್ಲ, ಇನ್ನೊಬ್ಬರ ಹೆಸರು ಎತ್ತುವಂತಿಲ್ಲ. ತನ್ನದನ್ನು ತಾನು ಹೇಳುವುದು ಪಶ್ಚಾತ್ತಾಪ, ಪರರದನ್ನು ಹೇಳುವುದು ಚಾಡಿ ಎಂದು ಕಟ್ಟಿದ ನಿಯಮ. ನಿಯಮ ಚೆನ್ನಾಗಿಯೇ ಇತ್ತು. ಅದನ್ನು ಕಟ್ಟಿದವರು ಇನ್ನಾಸಪ್ಪನಂಥವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ.

ಒಂದು ವರ್ಷ ಕೆರೆ ಅರ್ಧವೇ ತುಂಬಿತು. ಬತ್ತ ಹೊಡೆ ಕಟ್ಟುವ ಹೊತ್ತಿಗೆ ಮೇಲುಮಾಳದ ಹಿರಿಯರಿಗೆ ದಿಗಿಲು ಹತ್ತಿತು. ಸರದಿಯಂತೆ ಹಂಚಿದರೆ ಎರಡೂ ಊರಿಗೆ ಅರೆಹೊಟ್ಟೆಯ ಬೆಳೆಯಾದರೂ ಬರುತ್ತಿತ್ತು. ಅರೆಹೊಟ್ಟೆ ಅವರಿಗೆ ಬೇಕಿರಲಿಲ್ಲ. ಇನ್ನಾಸಪ್ಪ ಹಿರಿಯರನ್ನು ಕೂಡಿಸಿಕೊಂಡು ಏರಿಯ ಮೇಲೆ ಬಂದು, ಕೆಳಮಾಳಕ್ಕೆ ಹೋಗುವ ಕೆಳಗಿನ ತೂಬು ಇಳಿಸಿ ಮುಚ್ಚು ಎಂದ. ಚೌರಪ್ಪ ತಲೆ ಕೆರೆದುಕೊಂಡ.

“ಅವುರ ಸರದಿ ಕನಪ್ಪಯ್ಯ. ಅವುರ ಬತ್ತವೂ ಹೊಡೆ ಬಂದದೆ. ಪಾಪ ಅಲ್ವಾ?”

“ಹಿರೀಕರ ಮಾತು ಕೇಳೋದೂ ದೇವುರ ಕಟ್ಟಳೇನೇ ಕನ ಮಗ,” ಎಂದ ಇನ್ನಾಸಪ್ಪ. “ಪಾಪ ಆದ್ರೆ ನಮ್ಮೆಲ್ರುದೂ ಆಯ್ತದೆ. ಸ್ವಾಮೇರು ಬಂದಾಗ ಮೊದ್ಲು ನೀನೇಳು. ನಿನ್ನ ಹಿಂದ್ಲೇ ನಾನು, ನನ್ನ ಹಿಂದ್ಲೇ ಇವರೆಲ್ಲ.”

ಹಿರಿಯರು ಹೌದೆಂದು ತಲೆ ಆಡಿಸಿದರು. ಚೌರಪ್ಪ ತೂಬು ಇಳಿಸಿದ. ವಾರ ಕಳೆಯುವುದರೊಳಗೆ ಕೆಳಮಾಳದ ಕೆಂಚಮ್ಮ ಏರಿ ಹತ್ತಿ ಬಂದಳು. ಕಾಲುವೆಯ ಬಾಯಲ್ಲೇ ಅವಳ ಗದ್ದೆ. ಯಾಕಣ್ಣ ನೀರು ಬರ್ತಿಲ್ಲ ಎಂದು ಕೇಳಿದಳು. ಕೆರೇಲೇ ಇಲ್ಲ ಕನವ್ವ ಎಂದ ಚೌರಪ್ಪ. ಅವನ ಬೆನ್ನ ಹಿಂದೆ ನೀರು ಹೊಳೆಯುತ್ತಿತ್ತು. ಅವಳು ಆ ನೀರನ್ನು ನೋಡಿದಳು, ಅವನ ಮುಖ ನೋಡಿದಳು, ಇಳಿದು ಹೋದಳು. ಆ ಸುಗ್ಗಿಯಲ್ಲಿ ಕೆಳಮಾಳದವರು ಕೊಯ್ದದ್ದು ಬರೀ ಹುಲ್ಲು. ಆ ದಿನದಿಂದ ಚೌರಪ್ಪನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಸ್ವಾಮಿಯವರು ಎಂದು ಬಂದಾರು, ಎಂದು ಎಲ್ಲರೂ ಸೇರಿ ಎದ್ದೇವು, ಎಂದು ಕೆಳಮಾಳದವರ ಋಣ ತೀರೀತು ಎಂಬ ಒಂದೇ ಯೋಚನೆಯಲ್ಲಿ ಅವನು ದಿನ ದೂಡಿದ.

ಸ್ವಾಮಿಯವರು ಬಂದರು. ದೇವಾಲಯದ ನೆಲದ ಮೇಲೆ ಊರೆಲ್ಲ ಕೂತಿತ್ತು. ಸಭೆಯಲ್ಲಿ ಹೇಳುವಂಥದ್ದು ಯಾರಿಗಾದರೂ ಇದೆಯೇ ಎಂದು ಸ್ವಾಮಿಯವರು ಕೇಳಿದ್ದೇ ತಡ, ಚೌರಪ್ಪ ಎದ್ದ. ಕೆಳಮಾಳದ ತೂಬು ಮುಚ್ಚಿದವನು ನಾನು, ಕೆಂಚಮ್ಮನಿಗೆ ಸುಳ್ಳು ಹೇಳಿದವನೂ ನಾನು ಎಂದ. ಹೇಳಿ, ಹಿಂದೆ ಪಂಚೆಗಳ ಸರಬರ ಕೇಳಿಸೀತೆಂದು ಕಾದ. ಯಾರೋ ಕೆಮ್ಮಿದರು. ಒಂದು ಕೂಸು ಅತ್ತಿತು, ತಾಯಿ ಅದರ ಬಾಯಿಗೆ ಮೊಲೆ ಕೊಟ್ಟಳು. ಅಪ್ಪಯ್ಯನಿಗೆ ವಯಸ್ಸಾಯಿತು, ಏಳುವುದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಚೌರಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. “ಇನ್ನು ಯಾರಾದರೂ ಇದ್ದೀರಾ?” ಎಂದು ಸ್ವಾಮಿಯವರು ಕೇಳಿದರು. ಸ್ವಲ್ಪ ತಡೆದು ಮತ್ತೆ ಕೇಳಿದರು. ಆಗ ಅವನಿಗೆ ಅರ್ಥವಾಯಿತು. ಕಿವಿಗೆ ಬಿಸಿನೀರು ಹೊಯ್ದ ಹಾಗಾಯಿತು, ಆದರೂ ಅವನು ಹಿಂತಿರುಗಲಿಲ್ಲ, ಯಾರ ಹೆಸರನ್ನೂ ಎತ್ತಲಿಲ್ಲ. ಅವನಿಗಾಗಿ ಒಮ್ಮೆ ಉತ್ತರ ಕೊಟ್ಟಿದ್ದ ಬಾಯಿ ಆ ದಿನ ಬಿಗಿದುಕೊಂಡು ಕೂತಿತ್ತು.

ಸ್ವಾಮಿಯವರು ವಿಧಿಸಿದ ಪ್ರಾಯಶ್ಚಿತ್ತ ಎರಡು. ತಪಸ್ಸುಕಾಲ ಮುಗಿಯುವವರೆಗೆ ಪೂಜೆಯ ಹೊತ್ತಿನಲ್ಲಿ ತಲೆಯ ಮೇಲೆ ಕಲ್ಲು ಹೊತ್ತು ದೇವಾಲಯದ ಹೊರಗೆ ನಿಲ್ಲಬೇಕು. ಬರುವ ನಾಟಿಗೆ ಮೊದಲ ನೀರು ಕೆಳಮಾಳಕ್ಕೆ ಬಿಡಬೇಕು. ಚೌರಪ್ಪ ಕಲ್ಲು ಹೊತ್ತು ನಿಂತ. ಜೊತೆಗೆ ಏಳುತ್ತೇವೆ ಎಂದಿದ್ದವರೆಲ್ಲ ಅವನನ್ನು ದಾಟಿಕೊಂಡು ಒಳಗೆ ಹೋದರು. ಹೆಂಗಸರು ಮಕ್ಕಳಿಗೆ, ನೋಡು, ತಪ್ಪು ಮಾಡಿದರೆ ಹೀಗೇ ಎಂದು ಬೆರಳು ತೋರಿಸಿದರು. ಒಂದು ದಿನ ಇನ್ನಾಸಪ್ಪ ಪಕ್ಕದಲ್ಲಿ ನಿಂತು, “ಆವತ್ತು ಕಾಲ ಕೂಡಿ ಬರ್ನಿಲ್ಲ ಕನ ಮಗ” ಎಂದು ಮೆಲ್ಲಗೆ ಹೇಳಿ, ತೀರ್ಥದ ಬಟ್ಟಲಿಗೆ ಬೆರಳದ್ದಿ, ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ನಡೆದ. ಚೌರಪ್ಪನಿಗೆ ಕಲ್ಲು ಭಾರವೆನಿಸಲಿಲ್ಲ. ಮೋಸ ಹೋದೆನೆಂಬುದು ಭಾರವಾಗಿತ್ತು.

ಪಾಸ್ಕ ಮುಗಿದು ಸ್ವಾಮಿಯವರ ಕುದುರೆ ಕಣ್ಮರೆಯಾಯಿತು, ಮಳೆ ಬಂತು, ನಾಟಿಯ ಕಾಲ ಬಂತು. ಇನ್ನಾಸಪ್ಪ ಮತ್ತೆ ಏರಿಯ ಮೇಲೆ ಬಂದ. ಕಲ್ಲು ಹೊತ್ತಾಯಿತಲ್ಲ, ಪಾಪ ಕಳೆಯಿತಲ್ಲ, ಮೊದಲ ನೀರು ನಮಗೇ ಬಿಡು ಎಂದ. ಪಾಪ ತೊಳೆದುಕೊಂಡು ಅದರ ಲಾಭವನ್ನು ಮಾತ್ರ ಇಟ್ಟುಕೊಳ್ಳುವ ಜಾಣತನ ಅದು. ಚೌರಪ್ಪ ಮೊದಲ ಸಲ ಜ್ಞಾನತಂದೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. “ನಿನ್ನ ಮಾತು ಕೇಳಿ ಕೆಟ್ಟೆ ಅಪ್ಪಯ್ಯ. ಇನ್ನು ನೀನು ಯಾವ ದೇವುರ ಮಾತು ಕೇಳು ಅಂತ ಕಲಿಸಿದ್ಯೋ ಆ ದೇವುರ ಮಾತು ಕೇಳ್ತೀನಿ,” ಎಂದು ಹಾಡಹಗಲೇ, ಊರೆಲ್ಲ ನೋಡುತ್ತಿರುವಾಗ, ಕೆಳಗಿನ ತೂಬು ಮುಚ್ಚುವ ಗೂಟವನ್ನೇ ಕಿತ್ತ. ನೀರು ಬಿಟ್ಟುಕೊಂಡು, ಅದರ ಜೊತೆಗೇ ಕಾಲುವೆ ಹಿಡಿದು ನಡೆದು ಹೋಗಿ, ಆ ಗೂಟವನ್ನು ಕೆಂಚಮ್ಮನ ಅಂಗಳದಲ್ಲಿ ಇಳಿಸಿದ. ಇದು ನಿಮ್ಮಲ್ಲೇ ಇರಲಿ, ನಮ್ಮೋರನ್ನ ನಂಬಬೇಡಿ ಎಂದ. ಮೇಲುಮಾಳದವರು ನೀರುಗಂಟಿಕೆ ಕಿತ್ತುಕೊಂಡರು, ಅವನ ಮನೆಗೆ ಬೆಂಕಿ ನೀರು ಕೊಡುವುದನ್ನು ನಿಲ್ಲಿಸಿದರು. ಕೆಳಮಾಳದವರು ಕಾಲುವೆಯ ಪಕ್ಕ ಒಂದು ಗುಡಿಸಲು ಹಾಕಿಕೊಟ್ಟರು.

ಮರುವರ್ಷ ಸ್ವಾಮಿಯವರು ನೋಡುತ್ತಾರೆ, ಚೌರಪ್ಪ ಬಾಗಿಲ ಹೊರಗೇ ನಿಂತಿದ್ದಾನೆ. ನಿನ್ನ ಪ್ರಾಯಶ್ಚಿತ್ತ ಮುಗಿದಿದೆ, ಒಳಗೆ ಬಾ ಎಂದರು. “ನಂದು ಮುಗೀತು ಸ್ವಾಮಿ. ಉಳಿದದ್ದು ಒಳಗೆ ಕೂತದೆ,” ಎಂದ. ಇದು ಆಜ್ಞೆ ಎಂದರು ಸ್ವಾಮಿಯವರು. ಆಜ್ಞೆ ಎಂದ ಮೇಲೆ ಅವನು ಮೀರಲಿಲ್ಲ, ಒಳಗೆ ಬಂದ. ಆದರೆ ಕೂರಲಿಲ್ಲ. ಊರೆಲ್ಲ ಕೂತ ಸಭೆಯ ನಡುವೆ, ಅಂದು ಎದ್ದಿದ್ದ ಜಾಗದಲ್ಲೇ, ಯಾರ ಕಡೆಗೂ ನೋಡದೆ, ಪೂಜೆ ಮುಗಿಯುವವರೆಗೆ ನಿಂತ. ಆ ವರ್ಷವೂ, ಅದರ ಮುಂದಿನ ವರ್ಷವೂ, ತಲೆ ನರೆತ ಮೇಲೂ ನಿಂತ. ಅವನ ಹಿಂದೆ ಕೂತ ಹಿರಿಯರಿಗೆ ಅವನ ಬೆನ್ನು ನೋಡುವುದು ತಪ್ಪಲಿಲ್ಲ. ಅವರನ್ನು ಕ್ಷಮಿಸಿಬಿಡು ಎಂದು ಅವನ ಹೆಂಡತಿ ಮದಲಮ್ಮ ಅಂಗಲಾಚಿದಾಗ, ಕೇಳಿದರೆ ತಾನೇ ಕೊಡೋದು ಎಂದನಂತೆ.

ಅವನು ಕೆಳಮಾಳದಲ್ಲೇ ಸತ್ತ. ಕಾಲುವೆಯ ಪಕ್ಕದಲ್ಲೇ ಮಣ್ಣು ಮಾಡಿದರು. ಮುಂದಿನ ತಪಸ್ಸುಕಾಲದ ಸಭೆಯಲ್ಲಿ ಆ ಜಾಗ ಖಾಲಿಯಿತ್ತು. ಸ್ವಾಮಿಯವರು ವಾಡಿಕೆಯಂತೆ ಕೇಳಿದಾಗ, ಮುಪ್ಪಿನ ಮುದುಕನಾಗಿದ್ದ ಇನ್ನಾಸಪ್ಪ ಏಳಲು ಹೋದ. ಮೊಣಕಾಲು ಕೇಳಲಿಲ್ಲ. ಎತ್ರಪ್ಪ ನನ್ನ ಎಂದು ಗೋಗರೆದ. ಇಬ್ಬರು ತೋಳು ಹಿಡಿದು ನಿಲ್ಲಿಸಿದ ಮೇಲೆ, “ಮುಚ್ಚು ಅಂದೋನು ನಾನು” ಎಂದು ಅತ್ತುಬಿಟ್ಟ. ಬದುಕಿ ಉಳಿದಿದ್ದ ಹಿರಿಯರು ಒಬ್ಬೊಬ್ಬರಾಗಿ ಅವನ ಹಿಂದೆ ಎದ್ದರು. ಆ ಪಂಚೆಗಳ ಸರಬರ ಕೇಳಬೇಕಾಗಿದ್ದ ಕಿವಿ ಅಲ್ಲಿರಲಿಲ್ಲ. ಸ್ವಾಮಿಯವರು, ದೇವರ ಕ್ಷಮೆಯನ್ನು ದೇವರ ಹೆಸರಿನಲ್ಲಿ ನಾನು ಕೊಡಬಲ್ಲೆ, ‘ಕೂತುಕೊಳ್ಳಿ’ ಎನ್ನುವ ಮಾತನ್ನು ಮಾತ್ರ ನೀವು ಕೆಳಮಾಳಕ್ಕೆ ಹೋಗಿಯೇ ಕೇಳಬೇಕು ಎಂದರು ಎನ್ನುತ್ತಾರೆ.

ಆ ಸಮಾಧಿ ಈಗಲೂ ಕಾಲುವೆಯ ಪಕ್ಕದಲ್ಲಿದೆ. ಹೆಸರಿಲ್ಲದ ಕಲ್ಲು, ಅದರ ಮೇಲೆ ಕೆಳಮಾಳದವರು ಇಟ್ಟ ಕುಂಕುಮ, ಮೇಲುಮಾಳದವರು ಹಚ್ಚಿದ ಮೇಣದ ಬತ್ತಿಯ ಕರೆ. ಶುಭ ಶುಕ್ರವಾರ ಅಲ್ಲಿಗೆ ಹೋದವರು ನೋಡಬಹುದು. ಮೇಲುಮಾಳದ ಗಂಡಸರು, ಹೆಂಗಸರು, ಮಕ್ಕಳು, ಉಪವಾಸದ ಹೊಟ್ಟೆಯಲ್ಲಿ ಕಾಲುವೆ ಹಿಡಿದು ಇಳಿದು ಬಂದು ಸಮಾಧಿಯ ಸುತ್ತ ಬಿಸಿಲಲ್ಲಿ ನಿಲ್ಲುತ್ತಾರೆ. ಕೆಳಮಾಳದ ಯಾರಾದರೂ ಒಬ್ಬರು ಬಂದು ಕೂತ್ಕಳಿ ಎನ್ನುವವರೆಗೆ ಅವರಲ್ಲಿ ಒಬ್ಬರೂ ಕೂರುವುದಿಲ್ಲ. ಕೆಳಮಾಳದವರು ಬಂದೇ ಬರುತ್ತಾರೆ, ಅವರು ಬಾರದ ವರ್ಷವಿಲ್ಲ. ಆದರೆ ಬೇಗ ಬಂದ ವರ್ಷವೂ ಇಲ್ಲ.