ಹೊಳೆ ದಾಟಿದ ಗಿಡ

“ಗುರುಗಳೇ, ಪ್ರೋಗ್ರಾಂ ಕಟ್ಟಿದ್ದು ನನ್ನ ಕಂಪ್ಯೂಟರಿನಲ್ಲಿ. ಇನ್ನು ಓಡುವುದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ. ಅಲ್ಲಿ ಏನಾದರೂ ಕೆಟ್ಟರೆ ಅದು ನನ್ನ ಹಳೆಯ ಫೋಲ್ಡರಿನ ಹಾದಿಯನ್ನೇ ಹೇಳಿ, ಪ್ರೋಗ್ರಾಂ ಬರೆದ ಮೂಲ ಫೈಲ್ ಅಲ್ಲಿದೆ ನೋಡು ಅನ್ನುತ್ತದೆ. ಆ ಫೈಲುಗಳನ್ನು ನಾನು ಆಸ್ಪತ್ರೆಯ ಕಂಪ್ಯೂಟರಿಗೂ ಒಯ್ದು ಬೇರೆ ಜಾಗದಲ್ಲಿ ಇಟ್ಟಿದ್ದೇನೆ. ಹಳೆಯ ಹಾದಿ ಅಂದರೆ ಈಗ ಈ ಜಾಗ ಎಂದು ಅದರಲ್ಲಿ ಬೇರೆ ಬರೆದಿಡಬೇಕೆ? ಕೇಳಿದವರಿಗೆ ಹೇಳಲು ನಾನಿದ್ದೇನಲ್ಲ?” ಎಂದು ಹಾಲೇಶ ಕೇಳಿದ.

ಅವನಿಗೆ ಆ ಕೆಲಸ ಕಲಿಸಿದ ಗುರುಗಳು ಕನ್ನಡಕ ತೆಗೆದಿಟ್ಟರು. ‘ನಾನಿದ್ದೇನಲ್ಲ’ ಎಂಬ ಮಾತು ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಕತೆ ಹೇಳಿದರು.

ಹೊಳೆಯ ದಡದ ಊರೊಂದರಲ್ಲಿ ಒಬ್ಬ ನಾಟಿ ವೈದ್ಯನಿದ್ದ. ಮಕ್ಕಳಿಗೆ ಮೈ ಸೆಟೆದುಕೊಳ್ಳುವ ಜ್ವರ ಬಂದರೆ ಒಂದು ಬೇರನ್ನು ಅರೆದು ಕುಡಿಸುತ್ತಿದ್ದ. ಮಕ್ಕಳು ಉಳಿಯುತ್ತಿದ್ದವು. ಮದ್ದಿನ ಹೆಸರು ಬಾಯಲ್ಲಿ ಬಂದರೆ ಗುಣ ಕೆಡುತ್ತದೆ, ಕೀಳುವಾಗ ಇನ್ನೊಬ್ಬರ ಕಣ್ಣು ಬೀಳಬಾರದು ಎಂಬುದು ಆ ಮನೆತನದ ಕಟ್ಟುಪಾಡು. ಆದ್ದರಿಂದ ಅವನು ಮಗನಿಗೆ ಗಿಡ ತೋರಿಸಲಿಲ್ಲ, ಹೆಸರನ್ನೂ ಹೇಳಲಿಲ್ಲ. ಹಾದಿಯನ್ನು ಮಾತ್ರ ಬಾಯಿಪಾಠ ಮಾಡಿಸಿದ: ‘ಹಿತ್ತಿಲ ಬಾಗಿಲು ದಾಟು. ಹೊಳೆಯನ್ನು ಬಲಕ್ಕಿಟ್ಟುಕೊಂಡು ನಡೆ. ಜೋಡಿ ಹುತ್ತದ ನಡುವೆ ಇರುವ ಗಿಡದ ಬೇರು ತೆಗೆ.’

ಒಂದು ಮಳೆಗಾಲ ಹೊಳೆ ದಡವನ್ನು ಕೊರೆಯಿತು. ಊರವರು ಆಚೆ ದಡಕ್ಕೆ ಹೋಗಿ ಮನೆ ಕಟ್ಟಿಕೊಂಡರು. ವೈದ್ಯ ಜಾಣ. ಗಿಡವನ್ನು ಬೇರುಸಹಿತ ಕಿತ್ತು ತಂದು, ಯಾರೂ ನೋಡದಾಗ ಹೊಸ ಮನೆಯ ಬಚ್ಚಲ ಹಿಂದೆ ನೆಟ್ಟ. ಹುತ್ತಗಳ ಬದಲು ಎರಡು ಕಲ್ಲು ನಿಲ್ಲಿಸಿದ. ಹಾದಿಯ ಮಾತನ್ನು ಮಾತ್ರ ಬದಲಿಸಲಿಲ್ಲ. ಅದು ಅಜ್ಜನ ಕಾಲದ ಮಾತು, ಅದಕ್ಕೆ ಕೈ ಹಚ್ಚಬಾರದು ಎಂದುಕೊಂಡ.

ಮಗ ಒಮ್ಮೆ ಕೇಳಿದ: ‘ಅಪ್ಪಾ, ಊರೇ ಈ ದಡಕ್ಕೆ ಬಂತಲ್ಲ. ಹಾದಿ ಇನ್ನೂ ಅದೇನಾ?’

‘ಹಾದಿ ಅದೇ ಕಣೋ. ನೀನು ಬಾಯಿಪಾಠ ಬಿಡಬೇಡ. ಮಿಕ್ಕಿದ್ದಕ್ಕೆ ನಾನಿದ್ದೀನಲ್ಲ’ ಎಂದ ತಂದೆ.

ಜ್ವರದ ಕೂಸು ಬಂದಾಗಲೆಲ್ಲ ಅವನು ಹಳೆಯ ಮಾತನ್ನು ಗೊಣಗುತ್ತ ಹೊಸ ಹಿತ್ತಿಲಿಗೆ ಹೋಗುತ್ತಿದ್ದ. ಆ ಮಾತಿಗೂ ಈ ಹಿತ್ತಿಲಿಗೂ ಇದ್ದ ನಂಟು ಅವನ ತಲೆಯಲ್ಲಿ ಮಾತ್ರ ಇತ್ತು. ಒಂದು ದಿನ ಉಂಡು ಮಲಗಿದವನು ಏಳಲಿಲ್ಲ.

ಮುಂದಿನ ವರ್ಷ ಆ ಜ್ವರ ಮಗನ ಮನೆಗೇ ಬಂತು. ಅವನಿಗಿದ್ದದ್ದು ಒಬ್ಬಳೇ ಮಗಳು, ಆಗಷ್ಟೇ ಮಾತು ಕಲಿತ ಕೂಸು. ಮಗ ಹಿತ್ತಿಲ ಬಾಗಿಲು ದಾಟಿ ಓಡಿದ. ಹೊಳೆಯನ್ನು ಬಲಕ್ಕಿಟ್ಟುಕೊಂಡು ನಡೆದರೆ ಬರೀ ಬಂಡೆ. ಹರಿಗೋಲು ಹತ್ತಿ ಹಳೆಯ ಊರಿಗೆ ಹೋದ. ಹಳೆಯ ಮನೆ ಇದ್ದಲ್ಲಿ ಹೊಳೆ ಹರಿಯುತ್ತಿತ್ತು. ಹುತ್ತಗಳೂ ನೀರಿನಲ್ಲಿ ಹೋಗಿದ್ದವು. ಅಪ್ಪನ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತ ಹುಚ್ಚನ ಹಾಗೆ ಆ ದಡದ ಮೇಲೆ ತಿರುಗಿದ. ಬರಿಗೈಯಲ್ಲಿ ಮರಳಿದಾಗ ಹೆಂಡತಿ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಕೂಸಿನ ಮೈ ಆಗಲೇ ತಣ್ಣಗಾಗಿತ್ತು.

ಕೆಲವು ದಿನ ಕಳೆದು ಪಕ್ಕದ ಊರಿನ ಮುದುಕ ವೈದ್ಯನೊಬ್ಬ ಮಾತಾಡಿಸಿಕೊಂಡು ಹೋಗಲು ಬಂದ. ಕಾಲು ತೊಳೆಯಲೆಂದು ಹಿತ್ತಿಲಿಗೆ ಹೋದವನು, ಎರಡು ಕಲ್ಲುಗಳ ನಡುವೆ ಬಚ್ಚಲ ನೀರು ಕುಡಿದು ಸೊಂಪಾಗಿ ಬೆಳೆದ ಗಿಡವನ್ನು ಕಂಡ. ‘ಇದು ಮನೆಯಲ್ಲೇ ಇದ್ದೂ...’ ಎಂದು ಬಾಯಿ ತೆರೆದವನು ನಾಲಿಗೆ ಕಚ್ಚಿಕೊಂಡ. ಕೂಸಿನ ತಾಯಿ ಕೇಳಿಸಿಕೊಂಡಿದ್ದಳು. ಅವಳು ದಿನಾ ಮಗಳ ಬಟ್ಟೆ ಒಣಹಾಕುತ್ತಿದ್ದದ್ದು ಆ ಗಿಡದ ಮೇಲೆಯೇ. ‘ಹಿತ್ತಲ ಗಿಡ ಮದ್ದಲ್ಲ’ ಎಂದು ನಾವು ನಗುತ್ತ ಆಡುತ್ತೇವೆ. ಆ ಮನೆಯ ಎದುರು ಮತ್ತೆ ಯಾರೂ ಆ ಗಾದೆ ಆಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಆದರೆ ಗಿಡ ನೆಟ್ಟ ತಂದೆಗೆ ಹೊಸ ಜಾಗ ಗೊತ್ತಿತ್ತಲ್ಲ ಗುರುಗಳೇ?” ಎಂದ ಹಾಲೇಶ.

“ಗೊತ್ತಿತ್ತು, ಅವನನ್ನು ಹೂಳಿದ ದಿನ ಅದನ್ನೂ ಹೂಳಿದರು.”