ಯಾರಿಗೂ ಎರಡನೆಯವನಾಗದ ಎಮುರಾಯ

ದೂರದ ದಕ್ಷಿಣ ಸಮುದ್ರದ ಆಚೆ, ಆಸ್ಟ್ರೇಲಿಯಾ ಅನ್ನೋ ದೊಡ್ಡ ನಾಡಿನ ನಡುಮಧ್ಯೆ, ಬಿಲ್ಗಾರ ಅಂತ ಒಂದು ಕಾಡಿತ್ತು, ಮಕ್ಕಳೇ. ಮಣ್ಣು ಕೆಂಪು, ಮರದ ತೊಗಟೆ ಬಿಳಿ. ಅಲ್ಲಿ ರಾಜ ಇರಲಿಲ್ಲ. ಸಭೆ ಇತ್ತು. ಪ್ರಾಣಿಗಳೇ ತಮ್ಮವರನ್ನು ಆರಿಸಿ ಸಭೆಗೆ ಕಳಿಸುತ್ತಿದ್ದವು.

ಆ ಕಾಡಿನ ಒಂದು ಮೂಲೆಯಲ್ಲಿ ಕಲ್ಲುಚಿಲುಮೆ. ಬೇಸಗೆಯಲ್ಲಿ ಎಲ್ಲ ಹಳ್ಳ ಬತ್ತಿದರೂ ಅದೊಂದು ಬತ್ತುತ್ತಿರಲಿಲ್ಲ. ಚಿಲುಮೆಯ ಪಕ್ಕದ ಬಿಲದಲ್ಲಿ ಮಿಲ್ಲಿ ಇದ್ದಳು. ಮಿಲ್ಲಿ ಒಂದು ವೊಂಬ್ಯಾಟ್. ಗುಂಡು ಮೈ, ಗಿಡ್ಡ ಕಾಲು, ಮೊಂಡು ಮೂಗು. ನೆಗೆಯಲಾರಳು, ಹಾರಲಾರಳು. ತೋಡು ಅಂದರೆ ಮಾತ್ರ ಬಂಡೆಯ ಬುಡವನ್ನೂ ತೋಡಿಯಾಳು.

ಕಲ್ಲುಚಿಲುಮೆಯ ಕಡೆಯಿಂದ ಸಭೆಗೆ ಹೋಗುತ್ತಿದ್ದ ಮುದಿ ಆಮೆ ಒಂದು ದಿನ, "ಇನ್ನು ನನ್ನ ಕೈಲಾಗದಪ್ಪಾ" ಅಂತ ಸ್ಥಾನ ಬಿಟ್ಟಿತು. ಉಪಚುನಾವಣೆ ಬಂತು. ಸುದ್ದಿ ಕೇಳಿದ್ದೇ ತಡ, ಬಯಲಿನಿಂದ ಧೂಳೆಬ್ಬಿಸಿಕೊಂಡು ಎಮುರಾಯ ಓಡಿಬಂದ. ಹಾರಲು ಬಾರದ ದೊಡ್ಡ ಎಮು ಹಕ್ಕಿ, ಉದ್ದಗಾಲಿನ ಪಕ್ಷದ ನಾಯಕ ಅವನು. ಉದ್ದ ಕಾಲು, ಅದಕ್ಕಿಂತ ಉದ್ದ ಕತ್ತು, ಅದಕ್ಕಿಂತ ಉದ್ದ ಮಾತು.

"ನಾನು ಗೆದ್ದರೆ ಚಿಲುಮೆಗೆ ಮುಳ್ಳುಬೇಲಿ!" ಅಂತ ಕೂಗಿದ. "ಬೇಲಿ ದಾಟಬಲ್ಲವರು ಕುಡೀಲಿ, ದಾಟಲಾರದವರು ಬೇರೆ ನೀರು ನೋಡಿಕೊಳ್ಳಲಿ! ಬುಡ ತೋಡಿ ನುಸುಳಿದರೆ ದಂಡ!"

ಸಭೆಯಲ್ಲಿ ಬೇಲಿ ಬೇಕು ಅನ್ನುವವರೂ ಬೇಡ ಅನ್ನುವವರೂ ಸರಿಸಮ ಇದ್ದರು. ಈ ಒಂದು ಸ್ಥಾನ ಯಾರಿಗೋ, ನೀರು ಅವರಿಗೆ.

ಬೇಲಿ ದಾಟಲಾರದ ಮಿಲ್ಲಿಗೆ ಚಿಂತೆ ಹತ್ತಿತು. ಬೇರೆ ನೀರು ಎಲ್ಲಿದೆ? ಬಿಲದ ಪಕ್ಷದಿಂದ ಅವಳೇ ನಿಂತಳು. ಮರದ ಪಕ್ಷದಿಂದ ಬೆಕ್ಕಿನಷ್ಟು ದೊಡ್ಡ ಮರಪ್ರಾಣಿ, ಸುರುಳಿಬಾಲದ ಪಾಸಮ್ ಅಕ್ಕ ನಿಂತಳು. ಸ್ಪರ್ಧೆಗೆ ಮೂವರಾದರು.

ಬಿಲ್ಗಾರದಲ್ಲಿ ಮತ ಹಾಕುವ ಕ್ರಮ ನಮ್ಮ ಹಾಗಲ್ಲ. ತೊಗಟೆಯ ಚೂರಿನ ಮೇಲೆ ಎಲ್ಲರ ಹೆಸರಿನ ಮುಂದೆಯೂ ಗೆರೆ ಎಳೆಯಬೇಕು. ಮೆಚ್ಚಿದವರಿಗೆ ಒಂದು ಗೆರೆ, ಅವರಿಲ್ಲದಿದ್ದರೆ ಇವರಿರಲಿ ಅನ್ನುವವರಿಗೆ ಎರಡು, ಬೇಡವೇ ಬೇಡ ಅನ್ನುವವರಿಗೆ ಮೂರು. ಗೆಲ್ಲಬೇಕಾದರೆ ಅರ್ಧಕ್ಕಿಂತ ಹೆಚ್ಚು ತೊಗಟೆ ಬೇಕು. ಯಾರಿಗೂ ಅಷ್ಟು ಬರದಿದ್ದರೆ ಕೊನೆಯವರ ರಾಶಿಯನ್ನು ಬಿಚ್ಚಿ, ಅದರಲ್ಲಿ ಎರಡು ಗೆರೆ ಯಾರಿಗಿದೆಯೋ ಅವರ ರಾಶಿಗೆ ಸೇರಿಸಬೇಕು. ಮತ ಹಾಕದೆ ಉಳಿದವರಿಗೆ ದಂಡವೂ ಉಂಟು. ಚುನಾವಣೆ ನಡೆಸುವ ಎಕಿಡ್ನಾ ತಾತನ ಬೆನ್ನು ತುರಿಸಬೇಕು. ಎಕಿಡ್ನಾ ತಾತನ ಬೆನ್ನ ತುಂಬ ಮುಳ್ಳುಹಂದಿಯ ಹಾಗೆ ಮುಳ್ಳು! ಹಾಗಾಗಿ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಅಭಿಪ್ರಾಯ ಸಮೀಕ್ಷೆಗೆ ಅಂತ ಒಬ್ಬ ಕಾಕಟೂ ಇದ್ದ. ಬಿಳಿ ಗಿಳಿ, ಹಳದಿ ಜುಟ್ಟು. ಎಮುರಾಯ ಹಾಕಿದ ಕಾಳು ತಿಂದು ಕಾಡೆಲ್ಲ ಹಾರಿ, "ನಿಮ್ಮ ಒಂದು ಗೆರೆ ಯಾರಿಗೆ?" ಅಂತ ಕೇಳಿಕೊಂಡು ಬಂದ. ಬಂದು ಕೂಗಿದ.

"ಎಮುರಾಯ ಮುಂದೆ! ಮಿಲ್ಲಿ ಹಿಂದೆ! ಪಾಸಮ್ ಇನ್ನೂ ಹಿಂದೆ!"

ಮತ್ತೆ ಹೋದ, ಮತ್ತೆ ಕೇಳಿದ, ಮತ್ತೆ ಅದನ್ನೇ ಕೂಗಿದ. ಮೂರನೇ ಸಲವೂ ಅದೇ ಕೂಗು. ಎಮುರಾಯನ ಕತ್ತು ಇನ್ನಷ್ಟು ಉದ್ದವಾಯಿತು. ಮತದಾನಕ್ಕೆ ಮೊದಲೇ ಮುಳ್ಳುಕೊಂಬೆ ತರಿಸಿ ಚಿಲುಮೆಯ ಪಕ್ಕ ಒಟ್ಟಿಸಿದ.

ಬಿಲದವರೆಲ್ಲ ಮಂಕಾದರು. ಮಿಲ್ಲಿ ಮಾತ್ರ ಕಾಕಟೂ ಕೂತ ಕೊಂಬೆಯ ಕೆಳಗೆ ಬಂದಳು.

"ಕಾಕಟೂ ಮಾಮ, ಎರಡು ಗೆರೆ ಯಾರಿಗೆ ಅಂತ ಕೇಳಿದೆಯಾ?"

"ಅದನ್ನು ಕೇಳೋದಕ್ಕೆ ನನಗೆ ಕಾಳು ಹಾಕಿಲ್ಲಮ್ಮ!"

"ಸರಿ ಮಾಮ. ನಾನೇ ಕೇಳ್ತೀನಿ."

ಗುಡುಗುಡು ಓಡಿದಳು ಮರಗಳ ಕಡೆಗೆ. ಮೇಲಿನಿಂದ ಪಾಸಮ್ ಅಕ್ಕ ಗದರಿದಳು, "ಏನೇ, ಮತ ಕದಿಯೋಕೆ ಬಂದೆಯಾ?"

"ಇಲ್ಲಕ್ಕ. ನಿಮ್ಮವರ ಒಂದು ಗೆರೆ ನಿಮಗೇ ಇರಲಿ. ಎರಡು ಗೆರೆ ಯಾರಿಗೆ?"

"ಎಮುಗೆ! ನಿಮ್ಮವರು ನಮ್ಮ ಮರದ ಬೇರು ಕೆದಕ್ತೀರಿ. ಅವನು ಹಾರ ಹಾಕಿಸ್ಕೊಳ್ಳೋ ಹಾಗೆ ಕತ್ತು ಚಾಚಿದರೂ ಬೇರಿನ ತಂಟೆಗೆ ಬರಲ್ಲ. ನಮಗೇನು, ಬೇಲಿ ಮೇಲಿಂದ ನೆಗೀತೀವಿ."

ಮಿಲ್ಲಿ ತಲೆ ತಗ್ಗಿಸಿದಳು. ಮಾತು ನಿಜವೇ ಆಗಿತ್ತು. "ತಪ್ಪು ನಮ್ಮದು ಅಕ್ಕ. ಇವತ್ತಿಂದ ಮರದ ನೆರಳು ಬೀಳೋ ಕಡೆ ನಮ್ಮವರು ಬಿಲ ತೋಡಲ್ಲ. ಗೆದ್ದರೂ ತೋಡಲ್ಲ, ಸೋತರೂ ತೋಡಲ್ಲ."

"ಮಾತಾಡೋದು ಸುಲಭ ಕಣೇ," ಅಂದಳು ಪಾಸಮ್ ಅಕ್ಕ. ಮಿಲ್ಲಿ ಆ ಮರದ ಕೆಳಗಿದ್ದ ತನ್ನ ಅಣ್ಣನ ಬಿಲಕ್ಕೆ ಅಲ್ಲೇ, ಆಗಲೇ, ಮಣ್ಣು ತುಂಬತೊಡಗಿದಳು. ಪಾಸಮ್ ಅಕ್ಕ ಒಂದು ಕೊಂಬೆ ಕೆಳಗಿಳಿದು ನೋಡಿದಳು, ಅಷ್ಟೇ.

ಬಿಲ ಮುಚ್ಚಿ, ಮಿಲ್ಲಿ ಬಯಲಿಗೆ ಹೋದಳು. "ಎಮುರಾಯರೇ, ಮರದವರು ಎರಡು ಗೆರೆ ನಿಮಗೆ ಹಾಕಬೇಕು ಅಂತಿದ್ದಾರೆ. ಹೋಗಿ ಕೇಳಲ್ವಾ?"

"ಎರಡನೇದಾ!" ಎಮುರಾಯ ಬಿದ್ದು ಬಿದ್ದು ನಕ್ಕ. "ನಾನು ಯಾರಿಗೂ ಎರಡನೆಯವನಲ್ಲ ಕಣೇ, ಗುಂಡಮ್ಮಾ!"

"ಚಿಲುಮೆಯ ಹತ್ತಿರ ನಿಂತು ಇದನ್ನೇ ಹೇಳ್ತೀರಾ?"

"ಯಾಕೆ ಹೇಳಲ್ಲ?" ದಡದಡ ಬಂದ, ಚಿಲುಮೆಯ ಬಂಡೆ ಹತ್ತಿದ. "ನಾನು ಯಾರಿಗೂ ಎರಡನೆಯವನಲ್ಲ!"

"ಮರದ ಕೆಳಗೆ ನಿಂತು?"

"ಮರದ ಕೆಳಗೂ ಹೇಳ್ತೀನಿ!" ಹೋದ, ಕತ್ತೆತ್ತಿದ, ಗಂಟಲು ಹರಿಯುವಂತೆ ಕೂಗಿದ. "ಎಲೆ ಮೆಲ್ಲುವ ಚಿಳ್ಳೆಪಿಳ್ಳೆಗಳೇ! ನಿಮ್ಮ ಎರಡನೇ ಗೆರೆ ನನ್ನ ಕಾಲ ಧೂಳಿಗೂ ಬೇಡ! ನಾನು ಯಾರಿಗೂ ಎರಡನೆಯವನಲ್ಲ!"

ಕೊಂಬೆಕೊಂಬೆಗಳಲ್ಲಿ ಕಣ್ಣುಗಳು ಮಿನುಗಿದವು.

ಮತದಾನದ ದಿನ ಬಂತು. ಕಾಂಗರೂಗಳು ಮರಿಗಳನ್ನು ಚೀಲದಲ್ಲಿ ಹೊತ್ತು ಬಂದವು. ಹಗಲು ಕಣ್ಣು ಬಿಡಲಾರದ ಕೊವಾಲಾಗಳೂ ಆಕಳಿಸುತ್ತ ಬಂದವು. ಎಲ್ಲರೂ ಗೆರೆ ಎಳೆದರು. ಎಕಿಡ್ನಾ ತಾತ ರಾಶಿ ಮಾಡಿದ.

ಎಮುರಾಯನ ರಾಶಿ ದೊಡ್ಡದು! ಮಿಲ್ಲಿಯದು ಚಿಕ್ಕದು. ಪಾಸಮ್ ಅಕ್ಕನದು ಇನ್ನೂ ಚಿಕ್ಕದು.

"ಎಮುರಾಯ ಗೆದ್ದ! ನಾನು ಹೇಳಿರಲಿಲ್ಲವಾ?" ಕಾಕಟೂ ಕಿರುಚಿದ. ಉದ್ದಗಾಲಿನವರು ಕುಣಿದು ಮುಳ್ಳುಕೊಂಬೆ ಎತ್ತಿಯೇಬಿಟ್ಟರು.

"ಇಳಿಸ್ರೋ ಕೆಳಗೆ!" ಎಕಿಡ್ನಾ ತಾತ ಮುಳ್ಳು ನಿಮಿರಿಸಿದ. "ಅರ್ಧ ದಾಟಿಲ್ಲ. ಕೊನೆಯ ರಾಶಿ ಬಿಚ್ಚಬೇಕು."

ಮೊದಲ ತೊಗಟೆ ಎತ್ತಿದ. "ಎರಡು ಗೆರೆ, ಮಿಲ್ಲಿಗೆ." ಇನ್ನೊಂದು. "ಮಿಲ್ಲಿಗೆ." ಮತ್ತೊಂದು. "ಮಿಲ್ಲಿಗೆ!"

ಕುಣಿತ ನಿಂತಿತು. ಮಿಲ್ಲಿಯ ರಾಶಿ ಏರಿತು. ಎಮುರಾಯನ ಮೊಣಕಾಲಿಗೆ ಬಂತು. ಅವನ ರಾಶಿಯ ನೆತ್ತಿಗೆ ಬಂತು. ಸರಿಸಮ! ಉಳಿದದ್ದು ಒಂದೇ ತೊಗಟೆ. ಕಾಡೆಲ್ಲ ಉಸಿರು ಹಿಡಿದು ನಿಂತಿತು. ಎಕಿಡ್ನಾ ತಾತ ಅದನ್ನು ತಿರುಗಿಸಿದ, ಬೆಳಕಿಗೆ ಹಿಡಿದ.

"ಎಮುರಾಯನಿಗೆ ಮೂರು ಗೆರೆ. ಎರಡು ಗೆರೆ, ಮಿಲ್ಲಿಗೆ!"

ಹೋ ಅಂತ ಎದ್ದಿತು ನೋಡಿ ಕೂಗು! ಬಿಲದವರು ಮರದವರನ್ನು ಅಪ್ಪಿದರು. ಕೊವಾಲಾಗಳ ನಿದ್ದೆ ಹಾರಿತು.

"ಮೋಸ!" ಎಮುರಾಯ ಕಾಲು ಅಪ್ಪಳಿಸಿದ. "ಮರದವರು ಎರಡನೇ ಗೆರೆ ನನಗೆ ಯಾಕೆ ಹಾಕಲಿಲ್ಲ?"

ಪಾಸಮ್ ಅಕ್ಕ ಬಾಲದಿಂದ ಜೋತುಬಿದ್ದು ಅವನ ಮೂತಿಗೆ ಮೂತಿ ತಂದಳು. "ನೀವೇ ಬೇಡ ಅಂದ್ರಲ್ಲ, ರಾಯರೇ. ಮೂರು ಮೂರು ಸಲ."

ಆ ಬೇಸಗೆ ಸುಡುಬೇಸಗೆ. ಒಂದು ಸಂಜೆ ಎಮುರಾಯ ನಾಲಗೆ ಒಣಗಿ ಚಿಲುಮೆಗೆ ಬಂದ. ಪ್ರಾಣಿಗಳು ಸಾಲಾಗಿ ನಿಂತಿದ್ದವು. ಪಕ್ಕದ ಬಿಲದ ಬಾಗಿಲಲ್ಲಿ ಮಿಲ್ಲಿ. ಅವನು ಹಿಂದೆಮುಂದೆ ನೋಡಿದ. ಎಲ್ಲರೂ ಅವನನ್ನೇ ನೋಡಿದರು.

"ಬನ್ನಿ ಎಮುರಾಯರೇ, ಬಾಯಾರಿದವರಿಗೆ ಮೊದಲು ದಾರಿ," ಅಂದಳು ಮಿಲ್ಲಿ. "ಪಾಸಮ್ ಅಕ್ಕ ಕುಡೀತಿದ್ದಾರೆ. ಅವರ ಹಿಂದೆ ನಿಂತ್ಕೊಳ್ಳಿ. ನೀವು ಎರಡನೆಯವರು."

ಎಮುರಾಯ ಆ ಉದ್ದ ಕತ್ತನ್ನು ಮಡಚಿದ. ಸುಮ್ಮನೆ ಪಾಸಮ್ ಅಕ್ಕನ ಹಿಂದೆ ನಿಂತ. ಸರದಿ ಬಂದಾಗ ಹೊಟ್ಟೆ ತುಂಬ ಕುಡಿದ. ನೀರು ತಣ್ಣಗೇ ಇತ್ತು.

ನೆನಪಿಡಿ ಮಕ್ಕಳೇ: ತನಗೆ ಮೊದಲ ಸ್ಥಾನ ಕೊಡದವರನ್ನು ಕಡೆಗಣಿಸುವವನು ನಾಯಕನಾಗಲಾರ. ತಪ್ಪು ಒಪ್ಪಿ, ಕೊಟ್ಟ ಮಾತಿಗೆ ನಿಂತು, ಬೇರೆಯವರ ಮನಸ್ಸಿನಲ್ಲಿ ಎರಡನೆಯ ಜಾಗವನ್ನಾದರೂ ಗಳಿಸಿಕೊಂಡವರೇ ಎಲ್ಲರಿಗೂ ಬೇಕಾದವರು. ಕಲ್ಲುಚಿಲುಮೆಯ ಮರಗಳ ನೆರಳಲ್ಲಿ ಇವತ್ತಿಗೂ ಒಂದೇ ಒಂದು ಬಿಲ ಇಲ್ಲ.