ಜೇಬಿನ ಹತ್ತು, ಮೇಜಿನ ಇಪ್ಪತ್ತು

"ಇಬ್ಬರು ಹಿರಿಯರು ಎರಡು ಮಾತು ಹೇಳಿದಾಗ ಯಾರ ಮಾತು ಉಳಿಸಿಕೊಳ್ಳಬೇಕು, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದ: ಎರಡು ಕಡೆ ಬರೆದಿಡುವವರು ದಿನಕ್ಕೊಮ್ಮೆ ಎರಡನ್ನೂ ಕೂಡಿಸಿ ನೋಡಬೇಕು. ಇದು ನಿಯಮ. ಈ ಕತೆಯಲ್ಲಿ ಎಲ್ಲರೂ ಅದನ್ನು ಮುರಿದವರೇ.

ಒಂದು ಸಣ್ಣ ಆಸ್ಪತ್ರೆ. ಅಲ್ಲಿನ ವೈದ್ಯ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವಾಗ ಅಂಗೈಯಗಲದ ಹಳೆಯ ಯಂತ್ರವೊಂದರಲ್ಲಿ ಬರೆದುಕೊಳ್ಳುತ್ತಿದ್ದ. ಗುಮಾಸ್ತ ಅದೇ ರೋಗಿಗಳ ವಿವರವನ್ನು ಮೇಜಿನ ಮೇಲಿನ ಲಿನಕ್ಸ್ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ. ಸಂಜೆ ವೈರು ಸಿಕ್ಕಿಸಿ ಗುಂಡಿ ಒತ್ತಿದರೆ ಎರಡೂ ಒಂದಾಗುತ್ತಿದ್ದವು. ಒತ್ತುವುದು ನರ್ಸಿನ ಕೆಲಸ. ಆ ವಾರ ಸಂಜೆ ಬಂದ ಮೇಲೆ ವೈದ್ಯ ಯಂತ್ರವನ್ನು ಜೇಬಿನಿಂದ ತೆಗೆದು ಕೊಡಲಿಲ್ಲ, ಗುಮಾಸ್ತ ಕೇಳಲಿಲ್ಲ, ನರ್ಸೂ ನೆನಪಿಸಲಿಲ್ಲ.

ಆರನೆಯ ದಿನ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಇನ್ಸುಲಿನ್‌ಗೆ ಬಂದಳು. ನರ್ಸ್ ವೈರು ಸಿಕ್ಕಿಸಿದಳು. ಯಂತ್ರದಲ್ಲಿ ಹತ್ತು ಯೂನಿಟ್ ಎಂದಿತ್ತು, ಕಂಪ್ಯೂಟರಿನಲ್ಲಿ ಇಪ್ಪತ್ತು. ಯಾವುದನ್ನು ಉಳಿಸಲಿ, ಯಾವುದನ್ನು ಅಳಿಸಲಿ ಎಂದು ಪರದೆ ಕೇಳಿತು. ಹತ್ತು ಸಾಲದಿದ್ದರೆ ಮುದುಕಿಯ ಕಾಲಿನ ಹುಣ್ಣು ಮಾಯುವುದಿಲ್ಲ. ಇಪ್ಪತ್ತು ಹೆಚ್ಚಾದರೆ ಮುದುಕಿಯೇ ಉಳಿಯುವುದಿಲ್ಲ.

"ನನ್ನದೇ ಇರಲಿ. ಆಕೆ ಊಟ ಬಿಟ್ಟಿದ್ದಳು, ಕಣ್ಣಾರೆ ನೋಡಿ ಇಳಿಸಿದೆ" ಎಂದ ವೈದ್ಯ.

ಗುಮಾಸ್ತ ನಕ್ಕ. "ಸ್ವಾಮಿ, ಬ್ಯಾಟರಿ ಇಳಿದರೆ ನಿಮ್ಮ ಡಬ್ಬಿಗೆ ಇಸವಿಯೇ ಮರೆತುಹೋಗುತ್ತೆ! ಪಟ್ಟಣದ ದೊಡ್ಡ ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನ ನಾನೇ ಬರೆದುಕೊಂಡಿದ್ದೀನಿ."

"ಯಾವತ್ತು ಹೇಳಿದ್ದು?"

"ಈ ವಾರವೇ. ನೀವು ನೋಡಿದ್ದು ಯಾವತ್ತು?"

"ಈ ವಾರವೇ."

ವಾರ ಇಬ್ಬರಿಗೂ ನೆನಪಿತ್ತು, ದಿನ ಇಬ್ಬರಿಗೂ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಮುದುಕಿ ಕೆಮ್ಮಿದಳು.

"ಒತ್ತಿಬಿಡಿ ಸಿಸ್ಟರ್," ಎಂದ ವೈದ್ಯ. "ಎಷ್ಟು ಹೊತ್ತು ಕಾಯಿಸೋದು?"

"ಒತ್ತಮ್ಮ, ಯಾವುದೋ ಒಂದು ಉಳೀಲಿ," ಎಂದ ಗುಮಾಸ್ತನೂ. ಅಷ್ಟರಮಟ್ಟಿಗೆ ಇಬ್ಬರೂ ಒಂದಾದರು.

ಗುರು ಅಲ್ಲಿಗೆ ನಿಲ್ಲಿಸಿದ.

"ಆಕೆ ಯಾರ ಮಾತು ಉಳಿಸಿದಳು?" ಎಂದು ಶಿಷ್ಯ ಕೇಳಿದ.

"ಒತ್ತುವುದಿಲ್ಲ ಎಂದಳು, ವೈರು ಕಿತ್ತು ಹೊರಗೆ ಹೋಗಿ, ಮುದುಕಿಯ ಬೆರಳು ಚುಚ್ಚಿ, ಈಗ ಸಕ್ಕರೆ ಎಷ್ಟಿದೆ ಎಂದು ಒಂದು ಹನಿ ರಕ್ತವನ್ನೇ ಕೇಳಿದಳು."